ಎದುರಿಗೆ ನಿಂತವನ ಅಧಿಕಾರ

ಒಂದು ಅಂಗಡಿಯನ್ನಾಗಲಿ ಬ್ಯಾಂಕನ್ನಾಗಲಿ ಹೊಗಳಬೇಕಾದಾಗ ನಮ್ಮ ಜನ ಸಾಮಾನ್ಯವಾಗಿ ಆಡುವ ಮಾತು, ಅಲ್ಲಿಯವರು ಮುಖ ಕೊಟ್ಟು ಮಾತಾಡುತ್ತಾರೆ ಎಂಬುದು. ತೆಗಳಬೇಕಾದಾಗ ಆಡುವುದೂ ಇದರ ವಿಪರ್ಯಯವನ್ನೇ. ಪ್ರಿಯವಚನವು ಸಜ್ಜನಿಕೆಯ ಲಕ್ಷಣವೆಂಬುದನ್ನು ಅಲ್ಲಗಳೆಯುವವರು ಯಾರೂ ಇರಲಾರರು. ಆದರೆ ಹಣ ತೆತ್ತು ಪಡೆಯುವ ಸೇವೆಯ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೆ ಅದೊಂದೇ ಅಳತೆಗೋಲಾಗಬಹುದೆ ಎಂಬುದು ಬಹುಕಾಲದಿಂದ ನನ್ನನ್ನು ಕಾಡಿರುವ ಸಂದೇಹ. ಇಂದು ಸಂಸ್ಥೆಗಳ ದೂರವಾಣಿಗೆ ಕರೆ ಮಾಡಿದರೆ ಉತ್ತರ ಕೊಡುವ ಕಂಠ ಎಂದೂ ಕಟುವಾಗಿರುವುದಿಲ್ಲ. ಆದ ತೊಂದರೆಗೆ ಕ್ಷಮೆ ಕೇಳದೆ ಅದು ಮಾತು ಮುಂದುವರಿಸುವುದಿಲ್ಲ. ಬೇರೇನಾದರೂ ಸಹಾಯ ಬೇಕೇ ಎಂದು ವಿಚಾರಿಸದೆ ಬೀಳ್ಕೊಡುವುದೂ ಇಲ್ಲ. ಇಷ್ಟೆಲ್ಲ ಆದ ಮೇಲೆಯೂ ಕೆಟ್ಟ ಯಂತ್ರ ಕೆಟ್ಟಂತೆಯೇ ಉಳಿದಿರುತ್ತದೆ, ಖಾತೆಯಿಂದ ತಪ್ಪಾಗಿ ಕಡಿತವಾದ ಹಣ ಹಿಂದಿರುಗಿರುವುದಿಲ್ಲ. ಆದುದರಿಂದ ಸೇವೆಯನ್ನು ವಿಮರ್ಶಿಸಹೊರಟವನು ಕೇಳಬೇಕಾದ ಪ್ರಶ್ನೆ ಬೇರೆಯೇ ಉಂಟು: ಗ್ರಾಹಕನ ಎದುರಿಗೆ ನಿಂತ ವ್ಯಕ್ತಿಗೆ ತಪ್ಪನ್ನು ತಿದ್ದುವ ಅಧಿಕಾರವಿದೆಯೇ? ತಿದ್ದದೆ ಹೋದರೆ ಅದರ ಹೊಣೆ ಯಾರಿಗಾದರೂ ತಗಲುವುದೇ?

ಈ ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟ ಪದ್ಧತಿಯೊಂದು ನಮ್ಮ ಕರಾವಳಿಯಲ್ಲಿಯೇ ಹುಟ್ಟಿತು. ಕೈಮಗ್ಗದ ಕಸುಬು ಕುಸಿದು ನೇಕಾರರ ಮನೆಗಳು ಕಷ್ಟಕ್ಕೆ ಸಿಲುಕಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಹಾಗೂ ವೃತ್ತಿಯಿಂದ ವೈದ್ಯರಾಗಿದ್ದ ಟಿ.ಎಂ.ಎ. ಪೈ ಎಂಬ ಮೂವರು ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾದ ಸಂಸ್ಥೆಯು, 1928ರಲ್ಲಿ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಆರಂಭಿಸಿತು. ದಿನಕ್ಕೆ 2 ಆಣೆಯಷ್ಟು ಅಲ್ಪಮೊತ್ತವನ್ನು ಉಳಿಸಬಲ್ಲವನಿಗೂ ಬ್ಯಾಂಕಿನಲ್ಲಿ ಸ್ಥಾನವುಂಟೆಂಬ ಭರವಸೆ ಅದರಲ್ಲಿತ್ತು; ಅದಕ್ಕಿಂತ ಮಿಗಿಲಾಗಿ, ಆ 2 ಆಣೆಯನ್ನು ಹಿಡಿದುಕೊಂಡು ಬಡವನು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ, ಬ್ಯಾಂಕೇ ದಿನವೂ ಅವನ ಬಾಗಿಲಿಗೆ ಬರುತ್ತಿತ್ತು. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವಳು, ಗೂಡಂಗಡಿಯವನು, ದರ್ಜಿ, ಹೀಗೆ ಬ್ಯಾಂಕಿನ ಭವ್ಯಕಟ್ಟಡದೊಳಕ್ಕೆ ಕಾಲಿಡಲು ಅಳುಕುತ್ತಿದ್ದ ಜನರೆಲ್ಲರ ಪಾಲಿಗೆ ಬ್ಯಾಂಕೆಂದರೆ ಕೈಯಲ್ಲಿ ಚೀಲ ಹಿಡಿದು ನಿತ್ಯವೂ ಬೀದಿಯಲ್ಲಿ ಬರುವ ಆ ಪಿಗ್ಮಿ ಏಜೆಂಟನೇ ಆಗಿದ್ದನು.

ಇದರಲ್ಲಿ ನಾನು ಕಾಣುವ ಗುಣ ಕೇವಲ ಅನುಕೂಲವಲ್ಲ. ಏಜೆಂಟನು ಅದೇ ಊರಿನವನು. ಅವನ ಮನೆ ಎಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಪಡೆದ ಹಣವನ್ನು ಠೇವಣಿದಾರನ ಕಣ್ಣೆದುರಿನಲ್ಲಿಯೇ ಬರೆದುಕೊಡುವವನು. ಲೆಕ್ಕದಲ್ಲಿ ತೊಡಕು ಬಂದರೆ ಮರುದಿನ ಅದೇ ಮನುಷ್ಯನನ್ನು, ಅದೇ ಹೊತ್ತಿನಲ್ಲಿ, ಅದೇ ಬಾಗಿಲಲ್ಲಿ ಕೇಳಬಹುದಾಗಿತ್ತು. ಸಂಸ್ಥೆಗೆ ಮುಖವೂ ಹೆಸರೂ ಇದ್ದುವು; ಆ ಮುಖ ನಾಳೆಯೂ ಎದುರಾಗಲೇಬೇಕಾದುದರಿಂದ ಇಂದು ಆಡುವ ಮಾತಿಗೆ ತೂಕವಿತ್ತು. ಆದರೆ ಗುಣವನ್ನು ಹೇಳುವಾಗ ದೋಷವನ್ನು ಮರೆಮಾಚಿದರೆ ಅದು ವಿಮರ್ಶೆಯಾಗಲಾರದು. ಬ್ಯಾಂಕಿನ ಕೀರ್ತಿಯನ್ನು ಮನೆಮನೆಗೆ ಹೊತ್ತು ತಿರುಗಿದ ಈ ಜನ ಬ್ಯಾಂಕಿನ ಖಾಯಂ ನೌಕರರಾಗಿರಲಿಲ್ಲ, ಕಮಿಷನ್ನಿನ ಮೇಲೆ ಬದುಕಿದವರು. ಅವರೂ ಕಾರ್ಮಿಕರೇ ಎಂಬ ಮಾತು ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರಪಡಲು 2001ನೆಯ ಇಸವಿಯೇ ಬರಬೇಕಾಯಿತು. ಆಗಲೂ ಖಾಯಂ ನೌಕರರ ಪದವಿ ಅವರಿಗೆ ಲಭಿಸಲಿಲ್ಲ. ಗ್ರಾಹಕನಿಗೆ ದೊರೆತ ಉತ್ತಮ ಸೇವೆಯ ವೆಚ್ಚವನ್ನು ಬಹುಪಾಲು ತೆತ್ತವನು ಸೇವೆ ಮಾಡಿದವನೇ ಎಂಬುದನ್ನು ನೆನೆದರೆ ನಮ್ಮ ಕೃತಜ್ಞತೆಯೊಡನೆ ಸ್ವಲ್ಪ ಲಜ್ಜೆಯೂ ಬೆರೆಯಬೇಕು.

ಇದಕ್ಕೆ ಪ್ರತಿಯಾಗಿ ಈಗಿನ ಪದ್ಧತಿಯನ್ನು ನೋಡೋಣ. ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಶುದ್ಧಿಮಾಡುವ ಒಂದು ಯಂತ್ರವಿದೆ. ಅದರ ಪಾಲನೆಗಾಗಿ ವರ್ಷದ ಹಣವನ್ನು ಮುಂಗಡವಾಗಿಯೇ ಕೊಟ್ಟಿದ್ದೆವು. ಬೇಸಗೆಯಲ್ಲಿ ಯಂತ್ರ ನಿಂತುಹೋಯಿತು. ದೂರು ದಾಖಲಾಯಿತು, ಸಂಖ್ಯೆ ಬಂದಿತು, ಕಂಠಸ್ವರದ ವಿನಯಕ್ಕೆ ಯಾವ ಕೊರತೆಯೂ ಇರಲಿಲ್ಲ. ಬಂದ ಹುಡುಗ ನಮ್ರನೂ ಕೆಲಸ ಬಲ್ಲವನೂ ಆಗಿದ್ದನು; ಯಂತ್ರವನ್ನು ಬಿಚ್ಚಿ, ಪಂಪು ಹೋಗಿದೆಯೆಂದು ಕ್ಷಣಮಾತ್ರದಲ್ಲಿ ಕಂಡುಹಿಡಿದನು; ಆದರೆ ಪಂಪು ಅವನ ಚೀಲದಲ್ಲಿರಲಿಲ್ಲ, ಅದನ್ನು ತರಿಸುವ ಅಧಿಕಾರ ಅವನ ಕೈಯಲ್ಲಿರಲಿಲ್ಲ. ಹೊರಡುವ ಮುನ್ನ ಅವನು ಸಂಕೋಚದಿಂದ ಬೇಡಿದ್ದು ಇಷ್ಟು: "ಸಾರ್, ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದಿರುತ್ತೆ, ಅದನ್ನ ಹೇಳಿಬಿಡಿ. ಪಂಪ್ ಬಂದ ಮೇಲೆ ನಾನೇ ಬಂದು ಹಾಕಿಕೊಡ್ತೀನಿ. ಇವತ್ತು ಕಂಪ್ಲೇಂಟ್ ಕ್ಲೋಸ್ ಆಗದಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ." ಆ ಸಂಖ್ಯೆಯನ್ನು ಹೇಳಿದ ಮರುಗಳಿಗೆಯಲ್ಲಿಯೇ, ತಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆಯೆಂಬ ಸಂದೇಶ ಬಂದಿತು. ಯಂತ್ರದ ಭಾಗಗಳು ಇನ್ನೂ ಅಡಿಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಕೊಂಡೇ ಇದ್ದುವು.

ಈ ಸಣ್ಣ ಘಟನೆಯಲ್ಲಿ ಇಂದಿನ ಸೇವಾವ್ಯವಸ್ಥೆಯ ಮೂಲದೋಷವೆಲ್ಲವೂ ಅಡಗಿದೆಯೆಂದು ನನಗೆ ತೋರುತ್ತದೆ. ಸಂಸ್ಥೆ ಅಳೆಯುತ್ತಿರುವುದು ಯಂತ್ರ ಸರಿಹೋಯಿತೇ ಎಂಬುದನ್ನಲ್ಲ, ದೂರು ಮುಚ್ಚಿತೇ ಎಂಬುದನ್ನು. ಮುಚ್ಚಿದ ದೂರುಗಳ ಲೆಕ್ಕ ಮೇಲಿನವರ ಮೇಜಿಗೆ ಹೋಗುತ್ತದೆ. ನೀರಿಲ್ಲದ ಮನೆಯ ಸಂಗತಿ ಹೋಗುವುದಿಲ್ಲ. ಗ್ರಾಹಕನ ಸಮ್ಮತಿಯ ಕುರುಹಾಗಲೆಂದು ಏರ್ಪಟ್ಟ ಗುಪ್ತಸಂಖ್ಯೆ, ಒಬ್ಬ ಬಡ ನೌಕರನ ಸಂಬಳವನ್ನು ಉಳಿಸುವ ಸಲುವಾಗಿ ಗ್ರಾಹಕನೇ ಕೊಡುವ ಸುಳ್ಳುಸಾಕ್ಷಿಯಾಗಿ ಪರಿಣಮಿಸುತ್ತದೆ. ಕೆಲಸ ಮುಗಿದ ಮೇಲೆ ಕೇಳುವ ಐದು ನಕ್ಷತ್ರಗಳ ಕತೆಯೂ ಇದೇ: ಅದು ಸಂಸ್ಥೆಯ ಬೆಲೆ ಕಟ್ಟುವುದಿಲ್ಲ, ಎದುರಿಗೆ ನಿಂತ ಹುಡುಗನ ಬೆಲೆ ಕಟ್ಟುತ್ತದೆ. ಬಿಡಿಭಾಗಗಳನ್ನು ದಾಸ್ತಾನಿನಲ್ಲಿಡದಿರಲು ನಿರ್ಧರಿಸಿದವನು, ಒಂದು ತಾಲ್ಲೂಕಿಗೆ ಇಬ್ಬರೇ ಕೆಲಸಗಾರರು ಸಾಕೆಂದು ತೀರ್ಮಾನಿಸಿದವನು, ಇಂಥವರಿಗೆ ನಕ್ಷತ್ರ ಕೊಡುವ ಅವಕಾಶವನ್ನು ಯಾವ ಸಂಸ್ಥೆಯೂ ನಮಗೆ ಕಲ್ಪಿಸಿಲ್ಲ. ಅಧಿಕಾರವುಳ್ಳವರು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುವವರಿಗೆ ಅಧಿಕಾರವಿಲ್ಲ. ಹೀಗಾಗಿ ನಮ್ಮ ಕೋಪವೆಲ್ಲ ಅದಕ್ಕೆ ಅತ್ಯಂತ ಕಡಿಮೆ ಪಾತ್ರರಾದವರ ಮೇಲೆ ಸುರಿಯುತ್ತದೆ. ದೂರವಾಣಿಯ ಆ ಬದಿಯಲ್ಲಿ ಕುಳಿತು ಬರೆದುಕೊಟ್ಟ ವಾಕ್ಯಗಳನ್ನು ಓದುತ್ತಿರುವ ಹೆಣ್ಣುಮಗಳು ಇಡೀ ದಿನ ಅಪರಿಚಿತರ ಬೈಗುಳವನ್ನು ಕೇಳಿಸಿಕೊಳ್ಳುವುದೇ ತನ್ನ ಉದ್ಯೋಗವೆಂಬಂತೆ ಬಾಳಬೇಕಾಗಿರುವುದು ಗ್ರಾಹಕನಿಗಾದ ಅನ್ಯಾಯಕ್ಕಿಂತ ಸಣ್ಣ ಅನ್ಯಾಯವಲ್ಲ.

ವಿನಯವೇ ಸೇವೆಯಲ್ಲವೆಂಬುದಕ್ಕೆ ಬೆಂಗಳೂರಿನ ಉಪಾಹಾರಗೃಹಗಳು ಒಳ್ಳೆಯ ನಿದರ್ಶನ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಂದಿನಿಂದ ನಗರದುದ್ದಕ್ಕೂ ಹಬ್ಬಿದ ದರ್ಶಿನಿಗಳಲ್ಲಿ ನಮ್ಮನ್ನು ಕೈಮುಗಿದು ಸ್ವಾಗತಿಸುವವರು ಯಾರೂ ಇಲ್ಲ. ಕೂರಲು ಕುರ್ಚಿಯೂ ಸಾಮಾನ್ಯವಾಗಿ ಇಲ್ಲ. ಮೊದಲು ಹಣ ಕೊಟ್ಟು ಟೋಕನ್ ಪಡೆದು, ತಟ್ಟೆಯನ್ನು ತಾನೇ ಎತ್ತಿಕೊಂಡು, ನಿಂತೇ ತಿಂದು ಹೊರಡಬೇಕು. ಆದರೂ ಅಲ್ಲಿಂದ ಅಸಮಾಧಾನ ಹೊತ್ತು ಹೋಗುವವರು ವಿರಳ. ದರವನ್ನು ಫಲಕದಲ್ಲಿ ಬರೆದು ಹಾಕಿರುತ್ತಾರೆ, ಅಡಿಗೆ ಕಣ್ಣೆದುರಿಗೇ ನಡೆಯುತ್ತದೆ, ದೋಸೆ ಸೀದಿದ್ದರೆ ತಟ್ಟೆಯನ್ನು ಹಿಂದಕ್ಕೆ ನೂಕಿದರೆ ಸಾಕು, ಕಾವಲಿಯ ಮುಂದೆ ನಿಂತವನು ಯಾರನ್ನೂ ಕೇಳದೆ ಇನ್ನೊಂದನ್ನು ಹುಯ್ಯುತ್ತಾನೆ. ಸಾಂಬಾರಿಗೆ ಬಟ್ಟಲು ಚಾಚಿದರೆ ಸೌಟು ತಾನಾಗಿ ಬಗ್ಗುತ್ತದೆ. ತಪ್ಪನ್ನು ತಿದ್ದುವ ಅಧಿಕಾರ ಸೌಟು ಹಿಡಿದ ಕೈಯಲ್ಲಿಯೇ ಇದೆ. ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯ ಕೌಶಲವನ್ನು ಎಲ್ಲರೂ ಮೆಚ್ಚುತ್ತಾರೆ. ನಾನು ಮೆಚ್ಚುವುದು ತನ್ನ ಮೇಜುಗಳ ಮೇಲೆ ಅವನಿಗಿರುವ ಒಡೆತನವನ್ನು.

ಒಡೆತನವೆಂಬುದು ಅಕ್ಷರಶಃ ನಿಜವಾಗಿರುವ ಸ್ಥಳ ಇಂಡಿಯಾ ಕಾಫಿ ಹೌಸು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಇಲ್ಲಿಯ ಕಾಫಿ ಹೌಸು 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದ ಮೇಲೆಯೂ ಅಲ್ಲಿಯ ಪೇಟ ಧರಿಸಿದ ಬಡಿಸುವವರ ರೀತಿ ಬದಲಾಗಲಿಲ್ಲ. ಅವರು ಹೆಚ್ಚು ಮಾತಿನವರಲ್ಲ, ಕಾಫಿ ಬರುವುದು ಕೆಲವೊಮ್ಮೆ ತಡವಾಗುತ್ತದೆ, ಪೀಠೋಪಕರಣಗಳಲ್ಲಿ ವೈಭವವೇನೂ ಇಲ್ಲ. ಹಾಗಿದ್ದರೂ ಒಂದು ಲೋಟ ಕಾಫಿಗೆ ಬಂದ ವೃದ್ಧರನ್ನು ಎಬ್ಬಿಸುವ ಆತುರವನ್ನು ನಾನು ಅಲ್ಲಿ ಕಂಡಿಲ್ಲ.

ಅಧಿಕಾರವಿದ್ದೂ ಭಾಷೆಯಿಲ್ಲದಿದ್ದರೆ ಆಗುವ ಫಲವನ್ನು ನಮ್ಮ ಬ್ಯಾಂಕುಗಳಲ್ಲಿ ನೋಡಬೇಕು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಪೈಕಿ ವಿಜಯಾ ಬ್ಯಾಂಕ್ 2019ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ಇತರ ಬ್ಯಾಂಕುಗಳಲ್ಲಿ ವಿಲೀನವಾದುವು. ಮೈಸೂರು ಬ್ಯಾಂಕು ಅದಕ್ಕೂ ಮುಂಚೆಯೇ, 2017ರಲ್ಲಿ, ಹೋಯಿತು. ವಿಲೀನದ ಆರ್ಥಿಕ ಸಾಧಕಬಾಧಕಗಳನ್ನು ಬಲ್ಲವರು ಚರ್ಚಿಸಲಿ. ಹಳ್ಳಿಯ ಶಾಖೆಯ ಕೌಂಟರಿನ ಮುಂದೆ ಪಿಂಚಣಿಯ ಹಣಕ್ಕಾಗಿ ನಿಂತ ಮುದುಕಿಗೆ ತಿಳಿಯುವುದು ಒಂದೇ, ಹಿಂದೆ ಅಲ್ಲಿ ಕುಳಿತಿದ್ದವನಿಗೆ ತನ್ನ ಮಾತು ಅರ್ಥವಾಗುತ್ತಿತ್ತು, ಈಗ ಕುಳಿತವನಿಗೆ ಆಗುವುದಿಲ್ಲ. ಗ್ರಾಹಕರಿಗೆ ಕೊಡುವ ನಮೂನೆಗಳೂ ಸೂಚನೆಗಳೂ ಹಿಂದಿ, ಇಂಗ್ಲಿಷುಗಳ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲಿಯೂ ಇರತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಆದರೆ ಕಾಗದ ಕನ್ನಡದಲ್ಲಿದ್ದು ಮನುಷ್ಯ ಕನ್ನಡದಲ್ಲಿ ಇಲ್ಲದಿದ್ದರೆ ಆ ವಿಧಿಯ ಅರ್ಧವಷ್ಟೇ ನೆರವೇರಿದಂತಾಯಿತು. ದೂರದ ನಾಡಿನಿಂದ ಬಂದ ಆ ತರುಣ ಅಧಿಕಾರಿಯನ್ನು ನಾನು ದೂಷಿಸಲಾರೆ; ಬಂದವನಿಗೆ ಆರು ತಿಂಗಳು ಕನ್ನಡ ಕಲಿಸದೆ ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ ಆಡಳಿತವನ್ನು ದೂಷಿಸುತ್ತೇನೆ. ಹಣ ಯಾವ ಖಾತೆಗೆ ಹೋಯಿತೆಂದು ಹೆಬ್ಬೆಟ್ಟು ಒತ್ತಿದವಳು ಕೇಳಿದಾಗ ಅವಳ ಮಾತಿನಲ್ಲಿ ಉತ್ತರ ಕೊಡಲಾಗದ ಬ್ಯಾಂಕು, ಅದರ ಗೋಡೆಯ ಮೇಲೆ ಗ್ರಾಹಕನ ಮಹಿಮೆಯನ್ನು ಸಾರುವ ಫಲಕ ಎಷ್ಟೇ ದೊಡ್ಡದಾಗಿರಲಿ, ಸೇವೆ ಮಾಡುತ್ತಿಲ್ಲ.

ನಮ್ಮ ಕಾನೂನು ಈ ಹೊಣೆಯ ಪ್ರಶ್ನೆಯನ್ನು ಎಂದೋ ಸರಿಯಾಗಿ ಗ್ರಹಿಸಿತ್ತೆಂಬುದು ಗಮನಾರ್ಹ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅರ್ಥವನ್ನು ವಿವರಿಸುತ್ತ, ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ 1993ರಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯವು, ಸರ್ಕಾರಿ ಸಂಸ್ಥೆಯೂ ಸೇವೆಯ ಲೋಪಕ್ಕೆ ಉತ್ತರ ಹೇಳಬೇಕೆಂದು ಮಾತ್ರವಲ್ಲದೆ, ಗ್ರಾಹಕನನ್ನು ಕಿರುಕುಳಕ್ಕೆ ಗುರಿಮಾಡಿದುದಕ್ಕಾಗಿ ಕೊಡಬೇಕಾಗುವ ಪರಿಹಾರವನ್ನು ಸಾರ್ವಜನಿಕರ ಬೊಕ್ಕಸದಿಂದ ತೆರದೆ ಅದಕ್ಕೆ ಕಾರಣರಾದ ಅಧಿಕಾರಿಗಳನ್ನು ಗುರುತಿಸಿ ಅವರಿಂದಲೇ ವಸೂಲು ಮಾಡಬೇಕೆಂದು ವಿಧಿಸಿತು. ಇದೇ ತತ್ತ್ವವನ್ನು, ಸರ್ಕಾರಿ ಸೇವೆಗಳನ್ನು ಕಾಲಮಿತಿಯೊಳಗೆ ಒದಗಿಸುವ ಕರ್ನಾಟಕದ ಸಕಾಲ ಯೋಜನೆಯೂ ಅಂಗೀಕರಿಸಿದೆ: 2012ರ ಏಪ್ರಿಲಿನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಅದರ ಪ್ರಕಾರ, ಹೇಳಿದ ಅವಧಿಯಲ್ಲಿ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಸಲ್ಲಬೇಕಾದ ಹಣವನ್ನು ತಪ್ಪಿತಸ್ಥ ಅಧಿಕಾರಿಯೇ ತೆರಬೇಕು. ಮೊತ್ತ ಅತ್ಯಲ್ಪವೇ. ಆದರೂ ವಿಳಂಬಕ್ಕೊಂದು ಹೆಸರು ಅಂಟಿತಲ್ಲ, ಅದು ಅಲ್ಪವಲ್ಲ. ಕೋಟ್ಯಂತರ ಗ್ರಾಹಕರಿಂದ ಹಣ ಪಡೆಯುವ ಖಾಸಗಿ ಸಂಸ್ಥೆಗಳು ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಅನ್ವಯಿಸುವ ಈ ನಿಯಮವನ್ನು ತಮ್ಮ ಮೇಲೆ ತಾವೇ ಏಕೆ ವಿಧಿಸಿಕೊಳ್ಳಬಾರದು? ದೂರಿನ ಸಂಖ್ಯೆಯ ಜೊತೆಗೆ ಅದನ್ನು ಬಗೆಹರಿಸುವ ಅಧಿಕಾರವುಳ್ಳ ಒಬ್ಬನ ಹೆಸರನ್ನೂ ಕೊಟ್ಟರೆ, ಮತ್ತು ಮನೆಗೆ ಬರುವ ಕೆಲಸಗಾರನಿಗೆ ಸಣ್ಣಪುಟ್ಟ ಬಿಡಿಭಾಗವನ್ನು ತನ್ನ ವಿವೇಚನೆಯಿಂದಲೇ ಬದಲಿಸುವ ಸ್ವಾತಂತ್ರ್ಯವಿತ್ತರೆ, ಕ್ಷಮಾಪಣೆಯ ಸಿದ್ಧವಾಕ್ಯಗಳ ಅಗತ್ಯವೇ ಬಹಳಮಟ್ಟಿಗೆ ತಪ್ಪುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಎದುರಿಗೆ ಬಂದ ಬಡ ನೌಕರನ ಮೇಲೆ ಸಿಟ್ಟಾಗಬೇಡಿ. ಆದರೆ ಕೆಲಸ ಮುಗಿಯುವ ಮುನ್ನ ಓಟಿಪಿಯನ್ನೂ ಕೊಡಬೇಡಿ, ಕೆಲಸ ಬಾಕಿಯಿದೆಯೆಂದು ಸಂಸ್ಥೆಗೆ ಅವನೆದುರಿನಲ್ಲಿಯೇ ಬರೆದು ತಿಳಿಸಿ, ಅವನ ತಪ್ಪಿಲ್ಲವೆಂಬುದನ್ನೂ ಅದರಲ್ಲಿ ಸೇರಿಸಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಇತರ ಸಂಸ್ಥೆಗಳ ಮೇಲೆ, 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಲೋಪ ನಡೆದ 2 ವರ್ಷಗಳೊಳಗೆ, ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ.