ರ‍್ಯಾಪ್ ಬಂತು, ಆಫ್ರಿಕಾ ಬರಲಿಲ್ಲ

ತುಮಕೂರು, ಗುಬ್ಬಿ, ಕುಣಿಗಲ್ಲಿನ ಕಾಲೇಜು ಹುಡುಗರ ಮೊಬೈಲಿನಲ್ಲಿ ಈಗ ಕನ್ನಡ ರ‍್ಯಾಪ್ ಇದೆ. ಮದುವೆ ಮೆರವಣಿಗೆಯ ಡಿಜೆಯಲ್ಲೂ ಅದೇ. 'ಇದು ನಮ್ಮದಲ್ಲ' ಎಂದು ಮೂಗು ಮುರಿಯುವ ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಪಾರ್ಸಿ ರಂಗಭೂಮಿಯ ಪರದೆಗಳನ್ನೂ ಯುರೋಪಿನ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಸಂಕೋಚವಿಲ್ಲದೆ ಬಳಸಿತು. ವೀರಣ್ಣನವರ 'ಸದಾರಮೆ'ಯ ಕಳ್ಳನನ್ನು ಕಂಡು ನಕ್ಕ ಜನ ಆ ಪೆಟ್ಟಿಗೆ ಯಾವ ದೇಶದ್ದೆಂದು ಕೇಳಲಿಲ್ಲ. ಎರವಲು ತಂದದ್ದರಲ್ಲಿ ಏನು ಹಾಡಿದೆವು ಎಂಬುದಷ್ಟೇ ಪ್ರಶ್ನೆ.

ಇದನ್ನು ಆಫ್ರಿಕಾದ ಕಲಾವಿದರು ನಮಗಿಂತ ಮೊದಲೇ ಎದುರಿಸಿದ್ದಾರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕೇರಿಗಳಲ್ಲಿ ಹುಟ್ಟಿದ ಹಿಪ್ ಹಾಪ್ ತಾಂಜಾನಿಯಾಕ್ಕೆ ಹೋದಾಗ ಅಲ್ಲಿಯೂ ಮೊದಲು ನಡೆದದ್ದು ಅನುಕರಣೆಯೇ. 1990ರ ದಶಕದ ಆರಂಭದಲ್ಲಿ ಸಾಲೇಹ್ ಜಾಬ್ರಿ ಅಮೆರಿಕದ ಹಾಡಿನ ಧಾಟಿಗೆ ಸ್ವಾಹಿಲಿ ಮಾತು ಕೂಡಿಸಿದರು. ಆಮೇಲೆ ಬೆಳೆದದ್ದು 'ಬೊಂಗೊ ಫ್ಲೇವಾ'. ಸ್ವಾಹಿಲಿ ನಮಗೆ ತೀರಾ ಪರಕೀಯವೂ ಅಲ್ಲ. ನಮ್ಮ ಹಿಸಾಬು, ವಕೀಲ, ದುನಿಯಾ ಅಲ್ಲಿ ಹೆಸಾಬು, ವಕೀಲಿ, ದುನಿಯಾ. ಆ ಭಾಷೆಯಲ್ಲಿ ಪ್ರೊಫೆಸರ್ ಜೇ 2001ರಲ್ಲಿ ಮತ ಬೇಡುವ ರಾಜಕಾರಣಿಯೊಬ್ಬನ ವೇಷ ತೊಟ್ಟರು. ಆತ ಆಕಾಶದಷ್ಟು ಭರವಸೆ ಕೊಡುತ್ತಾನೆ, ಜನ ಪ್ರತಿ ಸಾಲಿಗೂ 'ಹೌದು ಯಜಮಾನರೇ' ಎನ್ನುತ್ತಾರೆ. ನಮ್ಮ ಯಾವ ಹೋಬಳಿಯ ಚುನಾವಣಾ ಸಭೆಗೆ ಇದು ಹೊಂದದು? (2015ರಲ್ಲಿ ಅವರೇ ಸಂಸತ್ ಸದಸ್ಯರಾದದ್ದು ಬೇರೆ ಮಾತು.) ಸೆನೆಗಲ್ಲಿನಲ್ಲಿ 2011ರಲ್ಲಿ ರ‍್ಯಾಪ್ ಗಾಯಕರೂ ಪತ್ರಕರ್ತರೂ ಸೇರಿ ಕಟ್ಟಿದ ಚಳವಳಿ ಅಧ್ಯಕ್ಷ ವಾಡೆಯ ವಿರುದ್ಧ ಯುವಕರನ್ನು ಮತಗಟ್ಟೆಗೆ ಕರೆತಂದಿತು, ಮರುವರ್ಷ ವಾಡೆ ಸೋತರು.

ನಮ್ಮಲ್ಲಿ? ಚಂದನ್ ಶೆಟ್ಟಿಯವರ '3 ಪೆಗ್' ಮನೆಮಾತಾಯಿತು. ನಮ್ಮ ಕಿವಿಗೆ ಬಿದ್ದ ಹೆಚ್ಚಿನ ಹಾಡುಗಳದ್ದೂ ಅದೇ ದಾರಿ: ಬಾಟಲಿ, ಕಾರು, ಕೈಕೊಟ್ಟ ಹುಡುಗಿ. ಪ್ರಾಸ ಸಿಗದಾಗ ಇಂಗ್ಲಿಷ್ ಪದ ತುರುಕುತ್ತಾರೆ. ಎರಡನೆಯ ಅಕ್ಷರಕ್ಕೆ ಪ್ರಾಸವಿಟ್ಟು ಶತಮಾನಗಟ್ಟಲೆ ಕಾವ್ಯ ಕಟ್ಟಿದ ಭಾಷೆಗೆ ಈ ಬಡತನ ಏಕೆ? 2025ರಲ್ಲಿ ಹೇಮಾವತಿ ಲಿಂಕ್ ಕಾಲುವೆಯ ವಿರುದ್ಧ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು, ಕುಣಿಗಲ್ ಕಡೆಯವರು ನಮಗೂ ನೀರು ಬೇಕೆಂದರು. ಕುಣಿಗಲ್ ಕೆರೆಯನ್ನು ಹಾಡಾಗಿಸಿದ್ದು ಹಳ್ಳಿಯ ಜನಪದರು. ಇಂದು ನೀರಿನ ಈ ಜಗಳವನ್ನು ಎರಡೂ ಕಡೆಯ ಬಾಯಲ್ಲಿ ಸವಾಲ್-ಜವಾಬ್ ಮಾಡಿ ಹಾಡಲು ರ‍್ಯಾಪ್‌ಗಿಂತ ತಕ್ಕ ರೂಪ ಬೇಕೆ?

ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ. ಕಪ್ಪು ಜನರ ತಾಳ, ಟೋಪಿ, ಕೈಸನ್ನೆ ಎಲ್ಲವೂ ನಮ್ಮ ಯುವಕರಿಗೆ ಪ್ರಿಯ. ಆದರೆ 2016ರ ಜನವರಿ 31ರ ರಾತ್ರಿ, ತುಮಕೂರು ರಸ್ತೆಯಿಂದ ಕವಲೊಡೆಯುವ ಹೆಸರಘಟ್ಟ ರಸ್ತೆಯ ಬಳಿ, ಗುಂಪೊಂದು ವಿದ್ಯಾರ್ಥಿನಿಯೊಬ್ಬಳನ್ನು ಕಾರಿನಿಂದ ಎಳೆದು ಥಳಿಸಿತು, ಬಟ್ಟೆ ಹರಿಯಿತು. ಅದಕ್ಕೆ ಮುನ್ನ ಅಲ್ಲಿ ಸ್ಥಳೀಯ ಮಹಿಳೆಯೊಬ್ಬರ ಮೇಲೆ ಕಾರು ಹರಿಸಿದವನು ಸುಡಾನಿನವನು. ಆ ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ. ಗುಂಪಿನ ಕಣ್ಣಿಗೆ ಬಣ್ಣ ಒಂದೇ ಕಂಡಿತು. ಆಕೆ ಬಂದದ್ದು ಪ್ರೊಫೆಸರ್ ಜೇ ಅವರ ತಾಂಜಾನಿಯಾದಿಂದ. ಆ ರಾತ್ರಿಯ ಬಗ್ಗೆ ಕನ್ನಡದಲ್ಲಿ ಒಂದು ರ‍್ಯಾಪ್ ಹಾಡನ್ನೂ ನಾವು ಕೇಳಿಲ್ಲ.