ನಲವತ್ತು ಪ್ರಶ್ನೆಗಳ ಹಾಳೆಯಲ್ಲಿ ಅಮೃತಹಳ್ಳಿಯ ಮಗು

ಬಳ್ಳಾರಿ ರಸ್ತೆಯಿಂದ ಅಮೃತಹಳ್ಳಿಯೊಳಕ್ಕೆ ತಿರುಗಿ ಜಕ್ಕೂರು, ಸಹಕಾರನಗರ, ಕೊಡಿಗೇಹಳ್ಳಿ ಎಂದು ಸುತ್ತು ಹಾಕಿದರೆ, ಮೆಡಿಕಲ್ ಸ್ಟೋರಿನ ಮಹಡಿಯಲ್ಲೋ ಪ್ರೀ-ಸ್ಕೂಲಿನ ಪಕ್ಕದಲ್ಲೋ ‘ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್’ ಎಂಬ ಬೋರ್ಡು ಕಾಣುವುದು ಈಗ ಅಪರೂಪವಲ್ಲ. ಎರಡು ತುಂಬಿದರೂ ಮಾತು ಬಾರದ, ಕರೆದರೂ ತಿರುಗಿ ನೋಡದ ಮಗುವನ್ನು ಎತ್ತಿಕೊಂಡು ಅಪ್ಪ ಅಮ್ಮ ಆ ಮೆಟ್ಟಿಲು ಹತ್ತುವ ಹೊತ್ತಿಗೆ ಮನೆಯಲ್ಲಿ ಒಂದು ಸುತ್ತು ವಾದ ಮುಗಿದಿರುತ್ತದೆ. ಗಂಡು ಮಕ್ಕಳಿಗೆ ಮಾತು ತಡ, ಇವನಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು ಎಂದು ಅಜ್ಜಿ. ಫೋನು ಕೊಟ್ಟೂ ಕೊಟ್ಟೂ ಹೀಗಾಯಿತು ಎಂದು ಪಕ್ಕದ ಮನೆಯವರು. ಮಹಡಿಯ ಮೇಲೆ ಸಿಗುವುದು ಒಂದು ಅಸೆಸ್‌ಮೆಂಟು, ಕೆಲವು ಪುಟಗಳ ರಿಪೋರ್ಟು, ಹಲವೆಡೆ ಅದರ ಬೆನ್ನಿಗೇ ಥೆರಪಿ ಪ್ಯಾಕೇಜಿನ ದರಪಟ್ಟಿ.

ಇದನ್ನೆಲ್ಲ ದುಡ್ಡಿನ ದಂಧೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಅನುಭವಿ ತಂಡವಿದೆ, ಖರ್ಚೂ ಕಡಿಮೆ. ಆದರೆ ಶಬ್ದಕ್ಕೆ ಬೆಚ್ಚಿ ಅಳುವ ಮಗುವನ್ನು ಹೆಬ್ಬಾಳ ಫ್ಲೈಓವರ್ ದಾಟಿಸಿ, ಊರಿನ ನಡುವೆ ಹಾಯಿಸಿ, ಓಪಿಡಿ ಸಾಲಿನಲ್ಲಿ ಕೂರಿಸುವುದೆಂದರೆ ಇಡೀ ದಿನದ ಕೆಲಸ, ದಿನಗೂಲಿಯವರಿಗೆ ಒಂದು ದಿನದ ಸಂಬಳ. ನಡೆದು ಹೋಗುವಷ್ಟು ಹತ್ತಿರ, ಶನಿವಾರವೂ ತೆರೆದಿರುವ ಜಾಗ ಕೆಲವು ತಿಂಗಳು ಉಳಿಸಿಕೊಟ್ಟರೆ, ಎರಡು ಮೂರು ವರ್ಷದ ಮಗುವಿನ ಪಾಲಿಗೆ ಅದು ದೊಡ್ಡ ಲಾಭವೇ. ಹಾಗಾಗಿ ತೂಗಿ ನೋಡಬೇಕಾದದ್ದು ಆ ಕೋಣೆಯೊಳಗೆ ನಡೆಯುವ ಕೆಲಸವನ್ನು.

ಆ ಕೆಲಸದ ಮುಖ್ಯ ಸಲಕರಣೆ ಒಂದು ಹಾಳೆ. ಐಎಸ್‌ಎಎ ಎಂದು ಕರೆಯುವ ಈ ಭಾರತೀಯ ಆಟಿಸಂ ಮಾಪನವನ್ನು ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ 2009ರಲ್ಲಿ ಹೊರತಂದಿತು. ಆರು ವಿಭಾಗ, 40 ಅಂಶ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆಯೇ, ಒಬ್ಬನೇ ಒಂದೇ ಆಟ ಆಡುತ್ತಾನೆಯೇ, ಹೇಳಿದ್ದನ್ನೇ ಹೇಳುತ್ತಾನೆಯೇ, ಅಪಾಯಕ್ಕೆ ಹೆದರುತ್ತಾನೆಯೇ ಎಂದು ಕೇಳುತ್ತಾ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಹಾಕಬೇಕು. ಮೊತ್ತ 70 ಮುಟ್ಟದಿದ್ದರೆ ಆಟಿಸಂ ಅಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರಾಚೆ ತೀವ್ರ. ಆಟಿಸಂನ ಹೆಸರೇ ಇಲ್ಲದ 1995ರ ಅಂಗವಿಕಲರ ಕಾಯ್ದೆಯ ಕಾಲದಿಂದ, ಅದನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಒಪ್ಪಿದ 2016ರ ಕಾಯ್ದೆಯವರೆಗಿನ ದಾರಿಯಲ್ಲಿ ಈ ಹಾಳೆಯ ಪಾತ್ರ ಸಣ್ಣದಲ್ಲ. ದುಬಾರಿ ವಿದೇಶಿ ಪರೀಕ್ಷೆಗಳ ಕಿಟ್ಟು ಕೊಳ್ಳಲಾಗದ ಸರಕಾರಿ ಆಸ್ಪತ್ರೆಗೂ ಅದು ಒಂದು ಸಾಮಾನ್ಯ ಅಳತೆ ಕೊಟ್ಟಿತು.

ಆದರೆ ಹಾಳೆಯ ಒಳಗೇ ತೊಡಕುಗಳಿವೆ. ಒಂದು ನಡವಳಿಕೆ ದಿನದಲ್ಲಿ ಶೇ. 20ರವರೆಗೆ ಕಂಡರೆ 1 ಅಂಕ, ಶೇ. 21ರಿಂದ 40 ಆದರೆ 2, ಶೇ. 80 ದಾಟಿದರೆ 5. ರಾತ್ರಿಯಿಡೀ ನಿದ್ದೆಗೆಟ್ಟು ಬಂದ ತಾಯಿ ಮಗುವಿನ ಹಟವನ್ನು ಶೇಕಡಾವಾರು ಹೇಗೆ ಹೇಳಿಯಾಳು? ‘ಯಾವಾಗ್ಲೂ ಹಿಂಗೇ ಸಾರ್’ ಎನ್ನುತ್ತಾಳೆ. ಅದು ದಣಿವಿನ ಮಾತೋ ಲೆಕ್ಕದ ಮಾತೋ ಎಂದು ತಿಳಿಯಲು ಎದುರಿಗೆ ಕೂತವರು ಮಗುವನ್ನು ತಾವೇ ಸಾಕಷ್ಟು ಹೊತ್ತು ನೋಡಿರಬೇಕು. ಇನ್ನೊಂದು ತೊಡಕು ಕೂಡುವ ಲೆಕ್ಕದ್ದು. ಅಸಾಮಾನ್ಯ ನೆನಪಿನ ಶಕ್ತಿಗೂ ಇಲ್ಲಿ ಅಂಕವುಂಟು, ತನ್ನನ್ನೇ ಕಚ್ಚಿಕೊಳ್ಳುವುದಕ್ಕೂ ಉಂಟು. ಮೆಜೆಸ್ಟಿಕ್ಕಿನ ಬಸ್ ನಂಬರುಗಳನ್ನೆಲ್ಲ ಒಪ್ಪಿಸುವ ಹುಡುಗನೂ ಕೈಯಲ್ಲಿ ಹಲ್ಲಿನ ಗುರುತಿರುವ ಹುಡುಗಿಯೂ ಒಂದೇ ಮೊತ್ತಕ್ಕೆ ಬಂದು ನಿಲ್ಲಬಹುದು. ಮೊತ್ತ ನೋಡಿದ ಶಾಲೆಗೆ ಇಬ್ಬರೂ ‘ಮಾಡರೇಟ್’. ಆದ್ದರಿಂದ ರಿಪೋರ್ಟಿನ ಜೀವ ಇರುವುದು ಮೊತ್ತದ ಹಿಂದಿನ ವಿವರದಲ್ಲಿ: ಮಗು ಏನು ಮಾಡಿತು, ಯಾವಾಗ, ಯಾರ ಜೊತೆ, ಏನು ಕೊಟ್ಟಾಗ ಶಾಂತವಾಯಿತು. ಆ ವಿವರ ಇಲ್ಲದ, ಹೆಸರು ಬದಲಿಸಿದರೆ ಯಾವ ಮಗುವಿಗೂ ಹೊಂದುವ ರಿಪೋರ್ಟು ಎಷ್ಟೇ ಚೆಂದದ ಲೆಟರ್‌ಹೆಡ್ ಮೇಲಿದ್ದರೂ ಕಳಪೆ ಕೆಲಸವೇ ಸರಿ.

ಭಾಷೆಯ ವಿಷಯದಲ್ಲಿ ಈ ಕೋಣೆಗಳು ಇನ್ನೂ ಹೆಚ್ಚು ಎಡವುತ್ತವೆ. ಅಮೃತಹಳ್ಳಿಯ ಒಂದೇ ಮನೆಯಲ್ಲಿ ಅಜ್ಜಿ ತೆಲುಗು, ಅಮ್ಮ ಕನ್ನಡ, ಟ್ಯಾಬು ಇಂಗ್ಲಿಷು ಮಾತಾಡುತ್ತಿರಬಹುದು. ಅಪಾಯಿಂಟ್‌ಮೆಂಟ್ ಚೀಟಿಯಲ್ಲಿರುವ ಹೆಸರು ಹಿಡಿದು ಥೆರಪಿಸ್ಟ್ ಕರೆಯುತ್ತಾರೆ, ಮಗು ತಿರುಗುವುದಿಲ್ಲ, ‘ಹೆಸರಿಗೆ ಪ್ರತಿಕ್ರಿಯೆ ಇಲ್ಲ’ ಎಂದು ದಾಖಲಾಗುತ್ತದೆ. ಹುಟ್ಟಿದಾಗಿನಿಂದ ಆ ಮಗು ಕೇಳಿದ ಹೆಸರು ‘ಚಿನ್ನು’ ಎಂದು ಯಾರೂ ಹೇಳಿರುವುದಿಲ್ಲ. ಉಲ್ಟಾ ಕೂಡ ಆಗುತ್ತದೆ. ನೀರು ಬೇಕಾದಾಗ ‘ನೀರು ಬೇಕಾ?’ ಎನ್ನುವ ಮಗುವನ್ನು ಮನೆಯವರು ಮುದ್ದು ಎಂದುಕೊಳ್ಳುತ್ತಾರೆ. ಅಮ್ಮನ ಪ್ರಶ್ನೆಯನ್ನೇ ಮಗು ತನ್ನ ಬೇಡಿಕೆಯಾಗಿ ಹಿಂದಿರುಗಿಸುತ್ತಿರುವುದು ಕನ್ನಡ ಬಲ್ಲ ಕಿವಿಗೆ ಮಾತ್ರ ತಕ್ಷಣ ಕೇಳುತ್ತದೆ. ‘ನಾನು’, ‘ನೀನು’ ಅದಲುಬದಲಾಗುವುದನ್ನೇ ಕಾಯುತ್ತಾ ಕೂತವರಿಗೆ ಇದು ತಪ್ಪಿಹೋಗುತ್ತದೆ, ಏಕೆಂದರೆ ಆ ವಾಕ್ಯದಲ್ಲಿ ಅವೆರಡೂ ಇಲ್ಲ. ಮನೆಯ ಭಾಷೆ ಬಲ್ಲವರೊಬ್ಬರು ಕೋಣೆಯಲ್ಲಿರಬೇಕು ಎಂಬುದು ಸೌಕರ್ಯದ ಬೇಡಿಕೆಯಲ್ಲ, ಪರೀಕ್ಷೆಯ ನಿಖರತೆಯ ಪ್ರಶ್ನೆ.

ಕಿವಿ ಪರೀಕ್ಷೆಯ ಮಾತೂ ಇಲ್ಲೇ ಬರಬೇಕು. ಕರೆದರೆ ನೋಡದ ಮಗುವಿಗೆ ಮೊದಲು ಆಗಬೇಕಾದದ್ದು ಅದು. ಹೆಣ್ಣೂರು ರಸ್ತೆಯ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ, ಉತ್ತರ ಬೆಂಗಳೂರಿನವರಿಗೆ ದೂರವೇನಲ್ಲ. ಶ್ರವಣ ಪರೀಕ್ಷೆಯ ಉಲ್ಲೇಖವೇ ಇಲ್ಲದ ಆಟಿಸಂ ರಿಪೋರ್ಟನ್ನು ಪೂರ್ಣವೆಂದು ಒಪ್ಪುವಂತಿಲ್ಲ.

ಎಲ್ಲಕ್ಕಿಂತ ಕಳವಳದ ಸಂಗತಿ ಮಾತ್ರ ಬೇರೆಯೇ: ರೋಗನಿರ್ಣಯ ಮಾಡುವವರೂ ಥೆರಪಿ ಮಾರುವವರೂ ಒಬ್ಬರೇ ಆಗಿರುವುದು. ಒಂದೇ ಸೂರಿನಡಿ ಎಲ್ಲ ಸಿಗುವುದರಿಂದ ಪೋಷಕರಿಗೆ ಅನುಕೂಲವುಂಟು. ಆದರೆ ‘ಈ ಮಗುವಿಗೆ ಆಟಿಸಂ ಇಲ್ಲ, ಮಾತಷ್ಟೇ ತಡ’ ಎಂದರೆ ತಿಂಗಳ ಆದಾಯ ಕಡಿಮೆಯಾಗುವ ಜಾಗದಲ್ಲಿ ಆ ಮಾತನ್ನು ಧೈರ್ಯವಾಗಿ ಹೇಳುವವರು ಬೇಕು. ಕೆಲವರು ಖಂಡಿತ ಹೇಳುತ್ತಾರೆ. ಹೇಳದವರು, ಫೋನು ನೋಡಿ ಬಂದದ್ದು ಎಂಬ ಅರ್ಥದಲ್ಲಿ ‘ವರ್ಚುವಲ್ ಆಟಿಸಂ’ ಎಂದು ಬರೆದು, ಇಷ್ಟು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಭರವಸೆ ಕೊಟ್ಟು ಕಳಿಸುತ್ತಾರೆ. ಅಂಥ ಹೆಸರಿನ ರೋಗನಿರ್ಣಯ ಜಗತ್ತು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಲ್ಲ. ಸಹಿ ಮಾಡಿದವರು ಯಾರು ಎಂಬುದನ್ನೂ ನೋಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಸಹಿಯ ಕೆಳಗೆ ಆ ಸಂಖ್ಯೆ ಇಲ್ಲದಿದ್ದರೆ ಕೇಳುವ ಹಕ್ಕು ಪೋಷಕರದು, ಸಂಕೋಚಪಡಬೇಕಾಗಿಲ್ಲ.

ಖಾಸಗಿ ರಿಪೋರ್ಟು ಹಿಡಿದು ಹೊರಬಂದವರಿಗೆ ಅದರ ಮಿತಿ ತಿಳಿಯುವುದು ಸವಲತ್ತು ಕೇಳಲು ಹೋದಾಗ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಸರಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರವೇ ಪ್ರಮಾಣಪತ್ರ ಕೊಡಬೇಕು. ಅಲ್ಲಿ ಮತ್ತೆ ಅದೇ ಹಾಳೆ: ಐಎಸ್‌ಎಎಯ 70 ಅಂಕ ಎಂದರೆ ಶೇ. 40 ಅಂಗವೈಕಲ್ಯ, ಸರಕಾರಿ ಸವಲತ್ತುಗಳ ಹೊಸ್ತಿಲು ಕೂಡ ಅದೇ. ರಾಷ್ಟ್ರೀಯ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ಸಿಗುವ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೂ ಈ ಪ್ರಮಾಣಪತ್ರ ಬೇಕು. ಇದನ್ನು ಮೊದಲ ದಿನವೇ ಹೇಳಿ, ಅಂಕಪಟ್ಟಿಯ ಪ್ರತಿಯನ್ನು ಕೈಗೆ ಕೊಡುವ ಸೆಂಟರು ಪ್ರಾಮಾಣಿಕ ಸೆಂಟರು.

ಮಗುವಿಗಾಗಿ ಪ್ರಶ್ನೆಗಳಿಗೆ ಉತ್ತರಿಸುತ್ತಾ ಕೂತ ಅಪ್ಪನಿಗೆ ನಡುವೆಯೇ ತನ್ನ ಬಾಲ್ಯ ಎದುರಾಗುವುದುಂಟು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ವರ್ಷಗಟ್ಟಲೆ ದುಡಿದ, ಮೀಟಿಂಗಿನ ಗದ್ದಲಕ್ಕೆ ತಲೆ ಸಿಡಿಯುವ, ಗೆಳೆಯರಿಲ್ಲದ ಆತ ತನಗೂ ಅಸೆಸ್‌ಮೆಂಟ್ ಬೇಕು ಎಂದರೆ ಖಾಸಗಿ ವ್ಯವಸ್ಥೆ ತೀರ ಬಡವಾಗುತ್ತದೆ. ಕೆಲವೆಡೆ 2001ರಲ್ಲಿ ಕೇಂಬ್ರಿಜ್‌ನಲ್ಲಿ ರೂಪಿಸಿದ 50 ಪ್ರಶ್ನೆಗಳ ಎಕ್ಯೂ ಪಟ್ಟಿ ತುಂಬಿಸಿ ಕಳಿಸಿಬಿಡುತ್ತಾರೆ. ಅದು ಇನ್ನೂ ನೋಡಬೇಕೋ ಬೇಡವೋ ಎಂದು ಸೂಚಿಸುವ ಜರಡಿ ಮಾತ್ರ. ನಿಜವಾದ ಕೆಲಸಕ್ಕೆ ಹಾಸನದಲ್ಲೋ ದಾವಣಗೆರೆಯಲ್ಲೋ ಇರುವ ತಾಯಿಗೆ ಫೋನು ಮಾಡಬೇಕು, ಐದು ವರ್ಷದವನಿದ್ದಾಗ ಹೇಗಿದ್ದ ಎಂದು ಕನ್ನಡದಲ್ಲಿ, ಸಮಾಧಾನದಿಂದ ಕೇಳಬೇಕು. ಲಕ್ಷಣಗಳು ಬಾಲ್ಯದಲ್ಲೇ ಇದ್ದವೆಂದು ತಿಳಿಯದೆ ಆಟಿಸಂ ಎನ್ನುವಂತಿಲ್ಲ. ಇನ್ನು ಎಲ್ಲರಂತೆ ನಗುವುದನ್ನು, ಮಾತು ಜೋಡಿಸುವುದನ್ನು ನೋಡಿ ಕಲಿತುಕೊಂಡ ಹೆಂಗಸರು ಇಂಥ ಪಟ್ಟಿಗಳ ಕಣ್ಣಿಗೆ ಬೀಳುವುದೇ ಕಷ್ಟ. ಇಂಥವರಿಗೆ ಐಎಸ್‌ಎಎಯಲ್ಲಿ 70 ಬಾರದಿರಬಹುದು, ಆದರೂ ನುರಿತ ವೈದ್ಯರ ನಿರ್ಣಯ ಆಟಿಸಂ ಎಂದೇ ಇರಬಹುದು. ನಿರ್ಣಯವನ್ನೂ ಶೇಕಡಾವಾರನ್ನೂ ರಿಪೋರ್ಟಿನಲ್ಲಿ ಬೇರೆಬೇರೆಯಾಗಿ ಬರೆದುಕೊಟ್ಟರೆ, ಪ್ರಮಾಣಪತ್ರ ಸಿಗದಿದ್ದರೂ ಆ ಅಪ್ಪ ಆಫೀಸಿನಲ್ಲಿ ಮೂಲೆಯ ಸೀಟನ್ನು, ಬಾಯಿಮಾತಿನ ಬದಲು ಬರೆದುಕೊಟ್ಟ ಸೂಚನೆಯನ್ನು ಕಾರಣ ಸಮೇತ ಕೇಳಬಲ್ಲ.