ಎರಡು ಅರಸುಮನೆಗಳ ಅಸ್ತಮಾನ: ಕಾವ್ಯದಲ್ಲಿ, ಕಾದಂಬರಿಯಲ್ಲಿ



ಏಳಿಗೆಯ ಕಥೆಗಿಂತ ಅಳಿವಿನ ಕಥೆಯೇ ಮನುಷ್ಯನ ಮನಸ್ಸನ್ನು ಹೆಚ್ಚು ಸೆಳೆಯುತ್ತದೆ ಎಂಬುದು ಅನುಭವವೇದ್ಯವಾದ ಸಂಗತಿ. ಪಟ್ಟಾಭಿಷೇಕದ ವರ್ಣನೆಯನ್ನು ನಾವು ಓದಿ ಮರೆಯುತ್ತೇವೆ. ಪಟ್ಟಣ ಬಿದ್ದ ದಿನದ ವರ್ಣನೆಯನ್ನು ಮರೆಯಲಾರೆವು. ಅಳಿದ ಅರಸುಮನೆಗಳನ್ನು ನಮ್ಮ ಸಾಹಿತ್ಯ ಹೇಗೆ ನೆನೆದಿದೆ, ಆ ನೆನಹು ನ್ಯಾಯವಾದುದೇ ಎಂಬುದನ್ನು ತಮ್ಮೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಸಾಸ್ವೆಹಳ್ಳಿಯ ಸೀಮೆಯಲ್ಲಿ ನಿಂತು ನೋಡಿರಿ. ಪಡುವಣಕ್ಕೆ ಕೆಳದಿ, ಇಕ್ಕೇರಿ, ಬಿದನೂರು, ಮೂಡಣಕ್ಕೆ ಚಿತ್ರದುರ್ಗ. ನೆರೆಯ ಚನ್ನಗಿರಿಯ ಹೆಸರೇ ಕೆಳದಿಯ ಚೆನ್ನಮ್ಮಾಜಿಯ ನೆನಪೆಂದು ಹಿರಿಯರು ಹೇಳುತ್ತಾರೆ. ದಾವಣಗೆರೆಯ ಕಡೆಗೆ ಹೋದರೆ ಮಾಯಕೊಂಡ. ಅದು ಈ ಎರಡು ಮನೆತನಗಳು ಪರಸ್ಪರ ರಕ್ತ ಚೆಲ್ಲಿದ ನೆಲ. ಆದುದರಿಂದ ಈ ಪ್ರಾಂತದ ಓದುಗರಿಗೆ ಇದು ದೂರದೇಶದ ಕಥೆಯಲ್ಲ.

ಮೊದಲು ಕೆಳದಿಯನ್ನು ತೆಗೆದುಕೊಳ್ಳೋಣ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ 18ನೆಯ ಶತಮಾನದ ಉತ್ತರಾರ್ಧದ ಚಂಪೂಕಾವ್ಯ. ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1921ರಲ್ಲಿ ಅದನ್ನು ಅಚ್ಚಿನಲ್ಲಿ ತಂದರು. ಈ ವಂಶದ ಮೂಲಕಥೆ ಕೇವಲ ಅದ್ಭುತಲೋಕದ್ದು. ಹುತ್ತದ ಮೇಲೆ ಹಸು ಹಾಲು ಕರೆಯುತ್ತದೆ. ಹುತ್ತದಲ್ಲಿ ಲಿಂಗವು ಪ್ರಕಟವಾಗುತ್ತದೆ. ಮಲಗಿದ್ದ ಚೌಡಪ್ಪನಿಗೆ ಸರ್ಪವು ಹೆಡೆಯೆತ್ತಿ ನೆರಳು ಹಿಡಿಯುತ್ತದೆ. ಹೊಲದಲ್ಲಿ ನಿಕ್ಷೇಪವೂ ‘ನಾಗರಮುರಿ’ ಎಂಬ ಖಡ್ಗವೂ ದೊರೆಯುತ್ತವೆ. ಒಕ್ಕಲು ಮನೆಯ ಸೋದರರಾದ ಚೌಡಪ್ಪ, ಭದ್ರಪ್ಪರು ನಾಯಕರಾಗುತ್ತಾರೆ. ಇಂಥ ಕಥೆಯನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭ. ಆದರೆ ನೇಗಿಲು ಹಿಡಿದ ಕೈಗೆ ಕತ್ತಿ ಬಂದುದು ಆ ಕಾಲದ ಜನಕ್ಕೇ ಪವಾಡವಾಗಿ ಕಂಡಿತ್ತು ಎಂಬ ಸತ್ಯ ಅದರೊಳಗೆ ಅಡಗಿದೆ.

ಅದೇ ಕಥೆಯಲ್ಲಿ ಇನ್ನೊಂದು ಎಳೆಯಿದೆ. ನಿಕ್ಷೇಪವನ್ನು ಪಡೆಯಲು ನರಬಲಿ ಬೇಕಾಯಿತೆಂದೂ, ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಮ್ಮನ್ನೇ ಒಪ್ಪಿಸಿಕೊಂಡರೆಂದೂ, ಅವರ ಹೆಸರೇ ಅರಸರ ಬಿರುದಾಗಿ ಉಳಿಯಿತೆಂದೂ ಐತಿಹ್ಯ ಹೇಳುತ್ತದೆ. ಆಳುಗಳ ಪ್ರಾಣವು ಒಡೆಯರ ಬಿರುದಾಯಿತು! ಬಿರುದನ್ನು ಹೊಗಳಿದವರು ಅನೇಕರು. ಆ ಇಬ್ಬರು ಆಳುಗಳಿಗಾಗಿ ಮರುಗಿದವರು ವಿರಳ. ಮನೆತನದ ಅಳಿವನ್ನು ಅರಿಯಬೇಕಾದರೆ ಅಡಿಪಾಯದ ಕಲ್ಲನ್ನೂ ನೋಡಬೇಕಲ್ಲವೆ?

ಲಿಂಗಣ್ಣನು ಚೌಡಪ್ಪನಿಂದ ಮೊದಲುಗೊಂಡು ವೀರಮ್ಮಾಜಿಯವರೆಗೆ ಒಬ್ಬೊಬ್ಬರ ಆಳ್ವಿಕೆಯನ್ನು ಕ್ರಮವಾಗಿ ಹೇಳುತ್ತಾನೆ. ಇತಿಹಾಸಕಾರನಿಗೆ ಇದು ಅಮೂಲ್ಯ ಆಕರ. ಕಾವ್ಯದೃಷ್ಟಿಯಿಂದ ನೋಡಿದಾಗ ಮಾತ್ರ ಒಂದು ಕೊರತೆ ಎದ್ದು ಕಾಣುತ್ತದೆ. ಗ್ರಂಥದ ಹೆಸರು ‘ವಿಜಯ’. ವಸ್ತುವಿನ ಕೊನೆ ಪತನ. ವಿಜಯಕಾವ್ಯದ ಚೌಕಟ್ಟಿಗೆ ದಾನ, ಧರ್ಮ, ದಂಡಯಾತ್ರೆ, ಮಠ, ದೇಗುಲಗಳು ಸಲೀಸಾಗಿ ಹೊಂದಿಕೊಳ್ಳುತ್ತವೆ. ಸಂಪತ್ತು ಏಕೆ ಕರಗಿತು, ಬಲ ಏಕೆ ಕುಂದಿತು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ದೋಷ ಕವಿಯದಷ್ಟೇ ಅಲ್ಲ, ಆಸ್ಥಾನಸಾಹಿತ್ಯದ ಸಂಪ್ರದಾಯದ್ದು. ಅನ್ನವಿತ್ತ ಮನೆಯ ಬಿರುಕನ್ನು ಎತ್ತಿ ತೋರಿಸುವುದು ಆ ಸಂಪ್ರದಾಯಕ್ಕೆ ತಿಳಿಯದು.

ಕಾವ್ಯವು ಬಿಟ್ಟ ಈ ತೆರವನ್ನು ಲೋಕವಾರ್ತೆ ತುಂಬಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರನಗರವೆಂದು ಕರೆದನು. ಅದೇ ಇಂದಿನ ನಗರ. ರಾಣಿ ವೀರಮ್ಮಾಜಿಯೂ ದತ್ತುಮಗ ಸೋಮಶೇಖರನೂ ಮಧುಗಿರಿಯಲ್ಲಿ ಸೆರೆಯಾದರು. 1767ರಲ್ಲಿ ಮರಾಠರು ಅವರನ್ನು ಬಿಡಿಸಿದರೂ ರಾಣಿಯು ಪುಣೆಯ ಹಾದಿಯಲ್ಲಿಯೇ ತೀರಿಕೊಂಡಳು. ಅನಂತರ ಇಂಗ್ಲಿಷ್ ಗ್ರಂಥಕಾರರು ಆಕೆಯ ನಡತೆಯ ಮೇಲೆ ಅಪವಾದಗಳನ್ನು ಹೊರಿಸಿ ಬರೆದರು. ನಮ್ಮವರೂ ಅವನ್ನು ಹಿಂದುಮುಂದು ನೋಡದೆ ನಕಲು ಮಾಡಿದರು. ಎರಡೂವರೆ ಶತಮಾನಗಳ ಮನೆತನದ ಪತನಕ್ಕೆ ಒಬ್ಬ ವಿಧವೆಯ ಶೀಲವೇ ಕಾರಣವೆಂದರೆ ಅದನ್ನು ವಿಮರ್ಶೆಯೆನ್ನಬಹುದೆ? ಕಾಳುಮೆಣಸು, ಅಕ್ಕಿಗಳ ವ್ಯಾಪಾರದಿಂದ ತುಂಬಿದ ಬಿದನೂರಿನ ಮೇಲೆ ಎಲ್ಲರ ಕಣ್ಣಿತ್ತು. ಹೈದರನೇ ತನ್ನ ಮುಂದಿನ ಏಳಿಗೆಗೆಲ್ಲ ಆ ಪಟ್ಟಣದ ಸಂಪತ್ತು ಮೂಲವೆಂದು ಎಣಿಸುತ್ತಿದ್ದನು. ಅಂಥ ಸಿರಿಯನ್ನು ಅತ್ತ ಮರಾಠರಿಂದಲೂ ಇತ್ತ ಮೈಸೂರಿನಿಂದಲೂ ಏಕಕಾಲಕ್ಕೆ ಕಾಪಾಡಬೇಕಾಗಿದ್ದ ರಾಣಿಯ ಸಂಕಟವನ್ನು ಮನಸ್ಸಿಗೆ ತಂದುಕೊಂಡು ತೀರ್ಪು ಕೊಡಬೇಕು. ಇದೇ ಮನೆಯ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಮೊಗಲರ ಕೋಪವನ್ನು ಎದುರಿಸಿದಳೆಂದು ಹೆಮ್ಮೆಪಡುವ ನಾವು, ಗೆದ್ದ ಹೆಣ್ಣನ್ನು ದೇವಿಯೆಂದೂ ಸೋತ ಹೆಣ್ಣನ್ನು ಕಳಂಕಿನಿಯೆಂದೂ ಕರೆಯುವುದು ಯಾವ ನ್ಯಾಯ?

ಇನ್ನು ಚಿತ್ರದುರ್ಗ. ಈ ಮನೆತನಕ್ಕೆ ದೊರೆತವರು ಇಪ್ಪತ್ತನೆಯ ಶತಮಾನದ ಕಾದಂಬರಿಕಾರ ತ.ರಾ.ಸು. ಅವರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದಳವಾಯಿ ಮುದ್ದಣ್ಣನ ಒಳಸಂಚಿನ ಕಾಲವನ್ನು ಚಿತ್ರಿಸಿದರು; 1982ರ ‘ದುರ್ಗಾಸ್ತಮಾನ’ದಲ್ಲಿ ಕೊನೆಯ ಮದಕರಿನಾಯಕನ ಬಾಳನ್ನು ಹೇಳಿದರು. 1984ರಲ್ಲಿ ಅವರು ಅಗಲಿದ ಮೇಲೆ, 1985ರಲ್ಲಿ ಈ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಲಿಂಗಣ್ಣನಿಗೂ ತ.ರಾ.ಸು. ಅವರಿಗೂ ಇರುವ ಅಂತರ ಹೆಸರಿನಲ್ಲಿಯೇ ಇದೆ. ಒಬ್ಬನು ಪತನದ ಕಥೆಯನ್ನು ವಿಜಯವೆಂದು ಕರೆದನು. ಇನ್ನೊಬ್ಬರು ಮುಖಪುಟದಲ್ಲಿಯೇ ಅಸ್ತಮಾನವೆಂದು ಸಾರಿದರು. ಮುಂದೇನಾಗುವುದೋ ಎಂಬ ಕುತೂಹಲವನ್ನು ಕಾದಂಬರಿಕಾರರು ತಾವಾಗಿಯೇ ಬಿಟ್ಟುಕೊಟ್ಟರು. ಕಸ್ತೂರಿ ರಂಗಪ್ಪನಾಯಕನು ಮಕ್ಕಳಿಲ್ಲದೆ ತೀರಿಕೊಂಡಾಗ ಓಬವ್ವ ನಾಗತಿಯ ಆಸರೆಯಲ್ಲಿ ಹುಡುಗ ಮದಕರಿಯು ಪಟ್ಟವೇರುವ ಸಂದರ್ಭವನ್ನು ಓದುವಾಗ, ಆ ಎಳೆಯ ತಲೆಯ ಮೇಲೆ ಎಂಥ ಭಾರ ಬೀಳುತ್ತಿದೆಯೆಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಕಾದಂಬರಿಯ ಕರುಣರಸದ ಮೂಲ ಇಲ್ಲಿದೆ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ದುರ್ಗದ ಮೇಲಿನ ಲೇಖಕರ ಅಕ್ಕರೆ ಎಷ್ಟು ಗಾಢವೆಂದರೆ, ಓದುಗನು ನಾಯಕನ ಪಕ್ಷವಹಿಸಿ ಬಿಡುತ್ತಾನೆ. ಕೋಟೆ ಬಿದ್ದುದು ದ್ರೋಹದಿಂದ ಮಾತ್ರವೆಂದು ನಂಬಿ ಪುಸ್ತಕವನ್ನು ಮುಚ್ಚುವ ಅಪಾಯವಿದೆ. ದ್ರೋಹ ನಡೆದುದು ನಿಜ. ಆದರೆ ಇತಿಹಾಸದ ಮೂರು ಇಸವಿಗಳನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿರಿ. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಬಿದನೂರು ಮತ್ತು ಅದರ ಮಿತ್ರರೆದುರು ಕಾದಾಡುತ್ತ ಹಿರಿಯ ಮದಕರಿನಾಯಕನು ಆನೆಯ ಮೇಲೆಯೇ ಮಡಿದನು. 1763ರಲ್ಲಿ, ತಾನೇ ಬಿದನೂರಿನ ಚೆನ್ನಬಸವಪ್ಪನಾಯಕನೆಂದು ಹೇಳಿಕೊಂಡು ಬಂದವನನ್ನು ಹೈದರನ ಮುಂದೆ ನಿಲ್ಲಿಸಿ, ಆ ದಂಡಯಾತ್ರೆಗೆ ನೆರವಾದುದು ಚಿತ್ರದುರ್ಗವೇ. 1779ರಲ್ಲಿ ಅದೇ ಹೈದರನು ಚಿತ್ರದುರ್ಗವನ್ನು ಹಿಡಿದನು. ಮದಕರಿನಾಯಕನು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದನು. ನೆರೆಮನೆಯ ಗೋಡೆ ಬೀಳಲು ಕೈಕೊಟ್ಟವನ ಮನೆಗೆ ಗಾಳಿ ನುಗ್ಗಲು ಹದಿನಾರೇ ವರ್ಷ ಸಾಕಾಯಿತು. ‘ತಿರುಗುಬಾಣ’ ಎಂಬ ಹೆಸರನ್ನು ತ.ರಾ.ಸು. ಬೇರೆ ಸಂದರ್ಭಕ್ಕೆ ಇಟ್ಟರು. ಈ ಎರಡು ಮನೆತನಗಳ ಇತಿಹಾಸಕ್ಕೂ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಅಳಿದುದು ಅರಸುಮನೆ ಮಾತ್ರವೆ? ದುರ್ಗ ಬಿದ್ದ ಬಳಿಕ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿನ ಹುಡುಗರಿಂದ ಸೈನ್ಯದ ಪಡೆಗಳನ್ನು ಕಟ್ಟಿದರೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರು ದಾಖಲಿಸಿದೆ. ಒಡೆಯರ ಸೋಲಿನ ತೆರಿಗೆಯನ್ನು ತೆತ್ತವರು ಒಕ್ಕಲು ಮಕ್ಕಳು. ಕೋಟೆಯ ಕಾವಲುಗಾರನ ಮಡದಿ ಒನಕೆ ಓಬವ್ವನನ್ನು 1972ರ ‘ನಾಗರಹಾವು’ ಚಲನಚಿತ್ರವು ಮನೆಮನೆಗೆ ತಲುಪಿಸಿತು. ಅದು ಸಂತೋಷದ ವಿಷಯ. ಆದರೂ ಯಾದವ, ಮುರಾರಿಯರಂತೆ ಆಕೆಯೂ ಅರಸರ ಕೀರ್ತಿಗೆ ಆಭರಣವಾಗಿ ಮಾತ್ರ ಉಳಿಯಬಾರದು. ಕೋಟೆಯನ್ನು ಕಾದವರು ಯಾರು, ಅದನ್ನು ಅನುಭವಿಸಿದವರು ಯಾರು ಎಂಬ ಪ್ರಶ್ನೆಯನ್ನು ಆಕೆಯ ಹೆಸರಿನೊಡನೆ ಕೇಳಬೇಕು.

ಕೆಳದಿಯ ಅರಸರು ನಮ್ಮ ಧರ್ಮದವರು; ಮಠಗಳನ್ನು ಕಟ್ಟಿಸಿದವರು, ಜಂಗಮ ದಾಸೋಹಕ್ಕೆ ಭೂಮಿ ಬಿಟ್ಟವರು. ದುರ್ಗದ ನಾಯಕರು ಮುರುಘಾಮಠದ ಭಕ್ತರು. ಈ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಕೃತಜ್ಞತೆ ಬೇರೆ, ಕುರುಡು ಹೊಗಳಿಕೆ ಬೇರೆ. ದಾನಶಾಸನವನ್ನು ಎತ್ತಿಹಿಡಿಯುವ ಕೈ ಮಾಯಕೊಂಡದ ರಣರಂಗವನ್ನು ಮುಚ್ಚಿಡಬಾರದು. ಇಂದು ಈ ಮನೆತನಗಳ ಹೆಸರನ್ನು ಹಿಡಿದು ನಮ್ಮವರು, ನಿಮ್ಮವರು ಎಂದು ಜಾತಿಯ ಲೆಕ್ಕದಲ್ಲಿ ಹಂಚಿಕೊಳ್ಳುವವರಿದ್ದಾರೆ. ಅವರು ಆ ಅರಸರ ಪೌರುಷಕ್ಕಿಂತ ಹೆಚ್ಚಾಗಿ ಅವರ ತಪ್ಪಿಗೇ ವಾರಸುದಾರರಾಗುತ್ತಾರೆ.

ಆದುದರಿಂದ, ಮಹಾಶಯರೇ, ‘ಕೆಳದಿನೃಪವಿಜಯ’ವನ್ನು ‘ದುರ್ಗಾಸ್ತಮಾನ’ದ ಪಕ್ಕದಲ್ಲಿಟ್ಟು ಓದಿರಿ. ಮೊದಲನೆಯದರ ಮೌನವನ್ನು ಎರಡನೆಯದರ ಮರುಕ ತುಂಬಲಿ. ಎರಡನೆಯದರ ಮೋಹವನ್ನು ಮೊದಲನೆಯದರ ಕಾಲಕ್ರಮ ತಿದ್ದಲಿ. ಮಠದಲ್ಲಿ ಕಲಿತು ಹೋದ ಹಿರಿಯರು ತಂತಮ್ಮ ಊರಿನ ವಾಚನಾಲಯಗಳಲ್ಲಿ ಈ ಎರಡನ್ನೂ ಒಟ್ಟಿಗೆ ಇರಿಸಿ, ಎಳೆಯರಿಂದ ಓದಿಸಲಿ. ಮಾಯಕೊಂಡದ ಮೇಲೆ ಹಾದುಹೋಗುವಾಗ, ಇಲ್ಲಿ ಯಾರು ಗೆದ್ದರು ಎಂದು ಮಕ್ಕಳು ಕೇಳಿದರೆ, ಹದಿನೈದು ವರ್ಷ ಬಿದನೂರು ಗೆದ್ದಿತ್ತು, ಅನಂತರ ಹದಿನಾರು ವರ್ಷ ದುರ್ಗ ಗೆದ್ದಿತ್ತು, ಆಮೇಲೆ ಇಬ್ಬರೂ ಉಳಿಯಲಿಲ್ಲ ಎಂದು ಉತ್ತರ ಹೇಳಲು ಅವರು ಸಮರ್ಥರಾಗಲಿ.